ಸಿಂಧನೂರಿನ ಎರೆ ನೆಲದಲ್ಲಿ 50 ಹಾಸಿಗೆಯ ಆಸ್ಪತ್ರೆ: ನಕ್ಷೆಯ ತಪ್ಪುಗಳನ್ನು ಈಗಲೇ ಹೇಳಿ

ಎರೆಹೊಲ, ಸಿಂಧನೂರು

ಈ ವೇದಿಕೆಯ ಎಲ್ಲರಿಗೂ ನಮಸ್ಕಾರ. ನಮ್ಮ ಟ್ರಸ್ಟ್‌ಗೆ ದಾನಿಯೊಬ್ಬರು ಊರ ಹೊರಗೆ ಎರಡು ಎಕರೆ ಜಮೀನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿ 50 ಹಾಸಿಗೆಯ ಆಸ್ಪತ್ರೆ ಆಗಬೇಕು. ಹೆರಿಗೆ ವಿಭಾಗ, ನವಜಾತ ಶಿಶು ಘಟಕ, ಸಾಮಾನ್ಯ ವಾರ್ಡುಗಳು, ಒಂದು ಶಸ್ತ್ರಚಿಕಿತ್ಸಾ ಕೊಠಡಿ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷಗಳಿಂದ ಮನೆ, ಗೋದಾಮು, ಅಕ್ಕಿ ಗಿರಣಿಗಳನ್ನು ಕಟ್ಟಿಸಿದವನು. ಆಸ್ಪತ್ರೆ ಇದೇ ಮೊದಲು. ಮೇಲ್ವಿಚಾರಣೆ ನನ್ನ ಹೆಗಲಿಗೆ ಬಿದ್ದ ದಿನದಿಂದ ಸರಿಯಾಗಿ ನಿದ್ರೆ ಹತ್ತಿಲ್ಲ.

ಈಗ ಬಂದಿರುವ ನಕ್ಷೆ ಹೀಗಿದೆ: ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ, ಔಷಧ ದಾಸ್ತಾನು, ಜನರೇಟರ್. ಮೇಲೆ ನೆಲ ಅಂತಸ್ತು ಮತ್ತು ಮೂರು ಮಹಡಿ. ಮುಂಭಾಗ ಪೂರ್ತಿ ಗಾಜು. ಇಡೀ ಕಟ್ಟಡಕ್ಕೆ ಹವಾನಿಯಂತ್ರಣ. ಒಂದು ಲಿಫ್ಟ್, ಮುಂದೊಂದು ಹಿಂದೊಂದು ಮೆಟ್ಟಿಲು. ಮಂಚ ತಳ್ಳಿಕೊಂಡು ಹೋಗುವ ಇಳಿಜಾರು ದಾರಿ ಇಲ್ಲ.

ಏಳು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಿಂದ ನನ್ನ ತಾಯಿಯನ್ನು ಚಾದರದಲ್ಲಿ ಮಲಗಿಸಿ ನಾವು ನಾಲ್ವರು ಹೊತ್ತು ಇಳಿಸಿದ್ದೆವು. ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಅವರ ತಲೆ ಗೋಡೆಗೆ ತಾಗದಂತೆ ನನ್ನ ಕೈ ಅಡ್ಡ ಹಿಡಿದಿದ್ದೆ. ಈ ನಕ್ಷೆ ನೋಡಿದಾಗಲೆಲ್ಲ ಆ ತಿರುವುಗಳೇ ಕಣ್ಣಿಗೆ ಬರುತ್ತವೆ. ದಯವಿಟ್ಟು ಬಿಚ್ಚುಮನಸ್ಸಿನಿಂದ ಹೇಳಿ.

ನಿವೃತ್ತ ಎಂಜಿನಿಯರ್, ರಾಯಚೂರು

ತಮ್ಮಾ, ಮೊದಲು ನೆಲಮಾಳಿಗೆಯನ್ನು ನಕ್ಷೆಯಿಂದ ಅಳಿಸಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಿಮ್ಮದು ಎರೆ, ಅಂದರೆ ಕಪ್ಪು ಮಣ್ಣಿನ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಸುತ್ತ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ತೇವ ಒಂದೇ ಸಮ ಇರುವುದಿಲ್ಲ. ಅಂಥ ಮಣ್ಣು ನೆಲಮಾಳಿಗೆಯ ಗೋಡೆಯನ್ನು ವರ್ಷಕ್ಕೊಮ್ಮೆ ಒತ್ತಿ ವರ್ಷಕ್ಕೊಮ್ಮೆ ಬಿಡುತ್ತದೆ. ಜಲನಿರೋಧಕ ಎಷ್ಟು ಬಳಿದರೂ ಕೆಲವು ವರ್ಷಗಳಲ್ಲಿ ನೀರು ಒಸರುತ್ತದೆ. ಆ ನೀರಿನಲ್ಲಿ ನಿಮ್ಮ ಜನರೇಟರ್ ನಿಂತಿರುತ್ತದೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ದೊಡ್ಡ ಆಸ್ಪತ್ರೆಯೊಂದರ ಜನರೇಟರಿಗೇ ನೀರು ನುಗ್ಗಿತ್ತು. 2009ರ ನೆರೆಯನ್ನು ನಮ್ಮ ಜಿಲ್ಲೆಯವರಿಗೆ ನಾನು ನೆನಪಿಸಬೇಕಾಗಿಲ್ಲ.

ಅಡಿಪಾಯಕ್ಕೆ ಮನೆಗಳಿಗೆ ಹಾಕುವ ಗುಂಡಿ ಸಾಲದು. ಮಣ್ಣು ಪರೀಕ್ಷೆ ಮಾಡಿಸಿ. ಎರೆ ಆಳವಾಗಿದ್ದರೆ ನೆಲದೊಳಗೆ ಇಳಿಯುವ, ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್ ರೀಮ್ಡ್ ಪೈಲ್ ಹಾಕಿ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ರೂಪಿಸಿದ ವಿಧಾನ ಅದು. ಸುಮಾರು 3.5 ಮೀಟರ್ ಕೆಳಗೆ ಋತುಮಾನದ ತೇವ ಅಷ್ಟಾಗಿ ಏರಿಳಿಯುವುದಿಲ್ಲ, ಗೆಡ್ಡೆ ಅಲ್ಲಿ ಕೂತು ಕಟ್ಟಡವನ್ನು ಹಿಡಿದುಕೊಳ್ಳುತ್ತದೆ. ಪೈಲುಗಳನ್ನು ಜೋಡಿಸುವ ಬೀಮಿಗೂ ಮಣ್ಣಿಗೂ ನಡುವೆ ಸ್ವಲ್ಪ ಜಾಗ ಬಿಡಿ, ಮಣ್ಣು ಉಬ್ಬಿದರೆ ಬೀಮನ್ನು ಎತ್ತಬಾರದು. ಒಳಗಿನ ನೆಲದ ಅಡಿ ಎರೆಯನ್ನು ತೆಗೆದು ಗರಸು ತುಂಬಿ. ಶಸ್ತ್ರಚಿಕಿತ್ಸಾ ಕೊಠಡಿಯ ನೆಲ ಬಿರುಕು ಬಿಟ್ಟರೆ ಅದು ನೋಟದ ಮಾತಲ್ಲ. ಬಿರುಕಿನಲ್ಲಿ ರೋಗಾಣು ಕೂರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ರಾತ್ರಿಪಾಳಿ, ಬಳ್ಳಾರಿ

ನಾನು ಹತ್ತೊಂಬತ್ತು ವರ್ಷಗಳಿಂದ ಸ್ಟಾಫ್ ನರ್ಸ್. ನಕ್ಷೆ ಓದಲು ನನಗೆ ಬರುವುದಿಲ್ಲ. ಆದರೆ ನಡುರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಷ್ಟು ಜನ ಇರುತ್ತಾರೆ ಎಂದು ಗೊತ್ತು. ಮೂವತ್ತು ರೋಗಿಗಳಿಗೆ ಇಬ್ಬರು ನರ್ಸ್‌ಗಳು, ಒಬ್ಬ ಆಯಾ. ಆಗ ಬೆಂಕಿ ಬಿದ್ದರೆ ನಾವು ಮೂವರು ಯಾರನ್ನು ಮೆಟ್ಟಿಲಿನಲ್ಲಿ ಹೊತ್ತು ಇಳಿಸಬೇಕು? ಸಿಸೇರಿಯನ್ ಆಗಿ ಆರು ಗಂಟೆಯಾದ ಬಾಣಂತಿಯನ್ನೇ, ಆಮ್ಲಜನಕದ ಮೇಲಿರುವ ಅಜ್ಜನನ್ನೇ?

ಒಂದು ತರಬೇತಿಯಲ್ಲಿ ಅಗ್ನಿಶಾಮಕದವರು ಹೇಳಿದ್ದನ್ನು ನಾನು ಮರೆತಿಲ್ಲ. ರೋಗಿಯನ್ನು ಕೆಳಗೆ ಇಳಿಸುವುದು ಕೊನೆಯ ಉಪಾಯ. ಮೊದಲು ಅದೇ ಮಹಡಿಯಲ್ಲಿ, ಮಂಚದ ಸಮೇತ, ಬೆಂಕಿ ತಡೆಯುವ ಬಾಗಿಲಿನ ಆಚೆಗೆ ತಳ್ಳಬೇಕು. ಹಾಗಾಗಬೇಕಾದರೆ ಪ್ರತಿ ಮಹಡಿ ಎರಡು ಭಾಗವಾಗಿರಬೇಕು. ನಡುವೆ ಚಾವಣಿಯವರೆಗೆ ಗೋಡೆ, ಬೆಂಕಿಯನ್ನು ಎರಡು ಗಂಟೆ ತಡೆಯುವ ಬಾಗಿಲು, ಆಚೆ ಭಾಗಕ್ಕೆ ಅದರದೇ ಮೆಟ್ಟಿಲು. ಬಾಗಿಲು ಸಾಮಾನ್ಯವಾಗಿ ತೆರೆದಿದ್ದು ಹೊಗೆ ಬಂದಾಗ ತಾನಾಗಿ ಮುಚ್ಚಿಕೊಳ್ಳಬೇಕು.

ಇನ್ನೊಂದು ಮಾತು ಯಾವ ಎಂಜಿನಿಯರರೂ ಕೇಳುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹಿಂದಿನ ಮೆಟ್ಟಿಲಿಗೆ ಸದಾ ಬೀಗ. ಕಾರಣ ಸಾಚಾ: ರಾತ್ರಿ ಅಲ್ಲಿಂದ ಕಳ್ಳರು ಬಂದು ರೋಗಿಗಳ ಮೊಬೈಲ್ ಒಯ್ಯುತ್ತಿದ್ದರು, ಕಾವಲಿಗೆ ಇದ್ದವನು ಒಬ್ಬನೇ. ಬೀಗದ ಕೈ ಅವನ ಸೊಂಟದಲ್ಲಿ, ಅವನು ಗೇಟಿನಲ್ಲಿ. ನಿಮ್ಮ ಎರಡನೆಯ ಮೆಟ್ಟಿಲಿಗೂ ಆರು ತಿಂಗಳಲ್ಲಿ ಬೀಗ ಬೀಳುತ್ತದೆ ಎಂದೇ ತಿಳಿದು ವಿನ್ಯಾಸ ಮಾಡಿ. ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಬಾಗಿಲುಗಳು ಸಿಗುತ್ತವೆ. ತೆರೆದ ಕೂಡಲೇ ನರ್ಸ್ ಟೇಬಲಿನ ಬಳಿ ಗಂಟೆ ಬಾರಿಸಲಿ. ಆಗ ಕಳ್ಳನ ಭಯವೂ ಇಲ್ಲ, ಬೀಗವೂ ಬೇಡ.

ಅಂಗಳ, ಕೊಪ್ಪಳ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ವಾಸ್ತುಶಿಲ್ಪಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಆಸ್ಪತ್ರೆಯ ಓಣಿಗೆ 2.4 ಮೀಟರ್ ಅಗಲ ಕೇಳುವುದು ಎರಡು ಮಂಚಗಳು ಎದುರುಬದುರಾಗಿ ಹೋಗಲಿ ಎಂದು. ಎಷ್ಟೋ ಕಡೆ ಆ ಅಗಲದಲ್ಲಿ ಬೀರು, ಕುರ್ಚಿ, ಕೆಟ್ಟ ಮಂಚ, ಆಮ್ಲಜನಕದ ಸಿಲಿಂಡರ್ ಸೇರಿ ಒಂದು ಗಾಡಿ ಹೋಗುವುದೂ ಕಷ್ಟವಾಗಿರುತ್ತದೆ. ಇಡಲು ಬೇರೆ ಕೋಣೆ ಕೊಡದ ತಪ್ಪು ನಕ್ಷೆ ಬರೆದವರದು. ಆದ್ದರಿಂದ ಪ್ರತಿ ವಾರ್ಡಿಗೆ ಒಂದು ಉಗ್ರಾಣ ಕೊಡಿ, ಗಾಡಿಗಳಿಗೆ ಗೋಡೆಯಲ್ಲಿ ಗೂಡು ಬಿಡಿ.

ಎರಡು ಎಕರೆ ಇರುವಾಗ ನಾಲ್ಕು ಅಂತಸ್ತು ಯಾಕೆ ಸರ್? ಹಾಸಿಗೆಗೆ 60 ಚದರ ಮೀಟರ್ ಹಿಡಿದರೂ 3000 ಚದರ ಮೀಟರ್. ನೆಲ ಅಂತಸ್ತು ಮತ್ತು ಒಂದೇ ಮಹಡಿಯಲ್ಲಿ ಮುಗಿಯುತ್ತದೆ, ಅರ್ಧಕ್ಕಿಂತ ಹೆಚ್ಚು ಜಮೀನು ಇನ್ನೂ ಉಳಿಯುತ್ತದೆ. ಒಂದೇ ಮಹಡಿಯಾದರೆ ಇಳಿಜಾರೂ ಕೈಗೆಟಕುತ್ತದೆ. ಅಂತಸ್ತಿನ ಎತ್ತರ 3.6 ಮೀಟರ್, ಹನ್ನೆರಡಕ್ಕೆ ಒಂದರ ಏರು ಎಂದರೆ 43 ಮೀಟರ್ ಉದ್ದ, ಜೊತೆಗೆ ತಿರುವುಗಳು. ನಾಲ್ಕು ಅಂತಸ್ತಿಗೆ ಅದು ಅಸಾಧ್ಯ ಎನಿಸಿ ಬಿಟ್ಟಿದ್ದಾರೆ. ಒಂದಕ್ಕೆ ಖಂಡಿತ ಸಾಧ್ಯ.

ಇನ್ನು ಬಿಸಿಲು. ನಮ್ಮ ಕಡೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿರಲಿ, ಕಿಟಕಿಗಳು ಉತ್ತರ-ದಕ್ಷಿಣಕ್ಕೆ ಬರಲಿ. ಪಶ್ಚಿಮದ ಗೋಡೆಗೆ ರೋಗಿಯ ಮಂಚ ಹಾಕಬೇಡಿ. ಅಲ್ಲಿ ಮೆಟ್ಟಿಲು, ಶೌಚಾಲಯ, ಉಗ್ರಾಣ ಬರಲಿ, ಸಂಜೆಯ ಬಿಸಿಲನ್ನು ಅವೇ ತಡೆದುಕೊಳ್ಳಲಿ. ದಕ್ಷಿಣಕ್ಕೆ ಆಳವಾದ ಪಡಸಾಲೆ. ನಡುವೆ ಅಂಗಳ. ನಮ್ಮ ಮಾಳಿಗೆ ಮನೆಗಳು ಮೇ ತಿಂಗಳ ಮಧ್ಯಾಹ್ನದಲ್ಲೂ ತಂಪಾಗಿರುತ್ತಿದ್ದದ್ದು ದಪ್ಪ ಮಣ್ಣಿನ ಚಾವಣಿಯಿಂದ, ಬೆಳಕಿಂಡಿಯಲ್ಲಿ ಬಿಸಿಗಾಳಿ ಮೇಲೇರಿ ಹೋಗುತ್ತಿದ್ದುದರಿಂದ. ಬರೀ ಕಾಂಕ್ರೀಟ್ ಚಾವಣಿ ಹಗಲು ಕಾದು, ರಾತ್ರಿಯಿಡೀ ಆ ಕಾವನ್ನು ಕೆಳಗೆ ಮಲಗಿದವನ ಎದೆಯ ಮೇಲೆ ಸುರಿಯುತ್ತದೆ. ಚಾವಣಿಗೆ ಬಿಳಿ ಹೆಂಚಿನ ಚೂರು ಹಾಸಿ, ಅದರ ಮೇಲೆ ಗಾಳಿಯಾಡುವ ಎತ್ತರದಲ್ಲಿ ಸೌರ ಫಲಕ ನಿಲ್ಲಿಸಿ. ಕರೆಂಟಿಗೆ ಕರೆಂಟು, ನೆರಳಿಗೆ ನೆರಳು.

ಟ್ರಸ್ಟಿನ ಹಿರಿಯ, ಸಿಂಧನೂರು

ನಮ್ಮ ಹುಡುಗ ಇಲ್ಲಿ ಬರೆದಿದ್ದಾನೆಂದು ತಿಳಿದು ಓದುತ್ತಾ ಕುಳಿತೆ. ಗಾಜಿನ ಮುಂಭಾಗ ಬೇಕೆಂದವನು ನಾನೇ. ಕಾರಣ ಹೇಳುತ್ತೇನೆ, ಬೈಯಬೇಡಿ. ನಮ್ಮ ಜನ ಸಣ್ಣ ಕಾಯಿಲೆಗೂ ಹೈದರಾಬಾದಿಗೆ, ಬೆಂಗಳೂರಿಗೆ ಬಸ್ ಹತ್ತುತ್ತಾರೆ. ಹೊಲ ಅಡವಿಟ್ಟು ಹೋಗುತ್ತಾರೆ. ಊರಿನ ಆಸ್ಪತ್ರೆ ಎಂದರೆ ಬಡವರಿಗೆ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗಾಜಿನ ಕಟ್ಟಡ ನೋಡಿದರಾದರೂ ‘ಇಲ್ಲೂ ದೊಡ್ಡ ಚಿಕಿತ್ಸೆ ಸಿಗುತ್ತದೆ’ ಎಂದು ನಂಬಿ ಒಳಗೆ ಬರಲಿ ಎಂಬುದು ನನ್ನ ಆಸೆ. ಪಡಸಾಲೆ, ಅಂಗಳ ಎಂದರೆ ಛತ್ರದಂತೆ ಕಾಣುವುದಿಲ್ಲವೇ?

ರಾತ್ರಿಪಾಳಿ, ಬಳ್ಳಾರಿ

ಯಜಮಾನರೇ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಜನರ ನಂಬಿಕೆ ಗಳಿಸಬೇಕೆನ್ನುವುದು ಸರಿಯಾದ ಆಸೆಯೇ. ಆದರೆ 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಆದದ್ದನ್ನು ಒಮ್ಮೆ ನೆನೆಯಿರಿ. ಬೆಂಕಿ ಹತ್ತಿದ್ದು ನೆಲಮಾಳಿಗೆಯಲ್ಲಿ, ಅಲ್ಲಿ ರಾಶಿ ಹಾಕಿದ್ದ ಸಾಮಾನಿಗೆ. ಮೇಲಿನ ರೋಗಿಗಳ ಬಳಿಗೆ ಬೆಂಕಿ ಬರಲಿಲ್ಲ, ಹೊಗೆ ಬಂತು. ತೆರೆಯಲಾಗದ ಗಾಜಿನ ಗೋಡೆಯ ಒಳಗೆ ಆ ಹೊಗೆ ಹೊರಹೋಗಲು ದಾರಿಯಿಲ್ಲದೆ ತುಂಬಿಕೊಂಡಿತು. ಸುಮಾರು 90 ಜನ ಸತ್ತರು, ಹೆಚ್ಚಿನವರು ಹಾಸಿಗೆಯ ಮೇಲೆಯೇ ಉಸಿರುಗಟ್ಟಿ. ರಕ್ಷಣೆಗೆ ಬಂದವರು ಹೊರಗಿನಿಂದ ಗಾಜು ಒಡೆಯಬೇಕಾಯಿತು. ನಿಮ್ಮ ಮೊದಲ ನಕ್ಷೆಯಲ್ಲಿ ನೆಲಮಾಳಿಗೆಯ ದಾಸ್ತಾನೂ ಇದೆ, ಗಾಜಿನ ಗೋಡೆಯೂ ಇದೆ. ಅದನ್ನು ಓದಿದಾಗ ನನ್ನ ಕೈ ನಡುಗಿತು.

ಅಂಗಳ, ಕೊಪ್ಪಳ

ಯಜಮಾನರೇ, ಅಂದಕ್ಕೆ ನಮ್ಮಲ್ಲೇನು ಕೊರತೆ? ಕೊಪ್ಪಳದ ಬೂದು ಗ್ರಾನೈಟ್, ಇಳಕಲ್ ಕಡೆಯ ಕೆಂಪು ಕಲ್ಲು, ಶಹಾಬಾದ್ ಹಾಸುಗಲ್ಲು ಎಲ್ಲವೂ ಒಂದು ದಿನದ ಲಾರಿ ದಾರಿಯಲ್ಲಿವೆ. ಕಲ್ಲಿನ ಜಾಲಂಧ್ರ ಇಟ್ಟ ಎತ್ತರದ ಪಡಸಾಲೆ ಛತ್ರದಂತೆ ಅಲ್ಲ, ಅರಮನೆಯಂತೆ ಕಾಣುತ್ತದೆ. ನಮ್ಮ ಬಿಸಿಲಿಗೆ ಗಾಜಿನ ಗೋಡೆ ಕಟ್ಟಿದರೆ ಒಳಗೆ ಬಂದ ಶಾಖವನ್ನು ಹೊರಹಾಕಲು ಹಗಲಿಡೀ ಹಣ ಸುಡಬೇಕು.

1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಹೋಲಿಸಿ ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ತೀವ್ರ ನೋವು ನಿವಾರಕವನ್ನೂ ಕಡಿಮೆ ತೆಗೆದುಕೊಂಡಿದ್ದರು. ಅಂಗಳದಲ್ಲಿ ಒಂದು ಬೇವಿನ ಮರ ಇರಲಿ, ಮಂಚದಿಂದ ಕಾಣಲಿ.

ನಿವೃತ್ತ ಎಂಜಿನಿಯರ್, ರಾಯಚೂರು

ಬೇವು ಬೇಡ ಎನ್ನುವುದಿಲ್ಲ, ಅಂಗಳದಲ್ಲಿ ಬೇಡ. ಎರೆ ನೆಲದಲ್ಲಿ ದೊಡ್ಡ ಮರ ಬುಡದ ತೇವವನ್ನು ಹೀರಿ ಮಣ್ಣನ್ನು ಕುಗ್ಗಿಸುತ್ತದೆ. ಆ ಬದಿಯ ನೆಲ ಕುಸಿದು ಗೋಡೆ ಓರೆಯಾಗಿ ಸೀಳುತ್ತದೆ. ಮರ ಬೆಳೆದು ಎಷ್ಟು ಎತ್ತರವಾಗುತ್ತದೋ ಅಷ್ಟು ದೂರ ನೆಡಿ. ಅಂಗಳಕ್ಕೆ ತುಳಸಿ, ದಾಸವಾಳ, ಮಲ್ಲಿಗೆ ಸಾಕು. ಕಟ್ಟಡದ ಸುತ್ತ ಅಗಲವಾದ ಕಲ್ಲು ಹಾಸಿ ಮಳೆನೀರು ಬುಡದಲ್ಲಿ ಇಳಿಯದಂತೆ ನೋಡಿಕೊಳ್ಳಿ. ಕೊಳಾಯಿ ಸೋರಿದರೂ ಅದೇ ಅನಾಹುತ.

ಗಂಗಾವತಿಯ ವೈದ್ಯೆ

ಪಡಸಾಲೆ, ಅಂಗಳ, ಗಾಳಿ ಎಲ್ಲ ಒಪ್ಪಿದೆ. ಆದರೆ ಒಂದು ಎಚ್ಚರಿಕೆ. ‘ನೈಸರ್ಗಿಕ ಗಾಳಿ ಒಳ್ಳೆಯದು’ ಎಂದು ಎಲ್ಲ ಕೋಣೆಗೂ ಅದನ್ನೇ ಅನ್ವಯಿಸಬೇಡಿ. ಶಸ್ತ್ರಚಿಕಿತ್ಸಾ ಕೊಠಡಿಗೆ ಸೋಸಿದ ಗಾಳಿಯ ಪ್ರತ್ಯೇಕ ಹವಾನಿಯಂತ್ರಣ ಬೇಕೇ ಬೇಕು. ಭತ್ತದ ಕಟಾವಿನ ಕಾಲದಲ್ಲಿ ನಮ್ಮ ಊರುಗಳ ಗಾಳಿಯಲ್ಲಿ ಹೊಟ್ಟಿನ ಧೂಳು ಎಷ್ಟಿರುತ್ತದೆ ಎಂದು ಆಸ್ತಮಾ ರೋಗಿಗಳನ್ನು ಕೇಳಿ.

ಹೆರಿಗೆ ಕೋಣೆಯಲ್ಲಿ ಇದರ ಉಲ್ಟಾ ತಪ್ಪು ನಡೆಯುತ್ತದೆ. ಸೆಕೆ ತಾಳದೆ ನಾವು ಏಸಿಯನ್ನು ಇಪ್ಪತ್ತಕ್ಕೆ ಇಳಿಸುತ್ತೇವೆ. ಆಗತಾನೆ ಹುಟ್ಟಿದ ಮಗು ಒದ್ದೆ ಮೈಯಲ್ಲಿ ತಣ್ಣಗಾಗುತ್ತದೆ. ಅಲ್ಲಿ 25ರಿಂದ 28 ಡಿಗ್ರಿ ಇರಬೇಕು, ಗಾಳಿ ನೇರ ಮಗುವಿನ ಮೇಲೆ ಬೀಸಬಾರದು.

ಸಾಮಾನ್ಯ ವಾರ್ಡಿಗೆ, ವಿಶೇಷವಾಗಿ ಕೆಮ್ಮಿನ ರೋಗಿಗಳು ಕಾಯುವ ಜಾಗಕ್ಕೆ, ತೆರೆದ ಕಿಟಕಿಯೇ ಮದ್ದು. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ನನ್ನ ಕಣ್ಣು ತೆರೆಸಿತು. ಎತ್ತರದ ಚಾವಣಿ, ದೊಡ್ಡ ಕಿಟಕಿಗಳಿದ್ದ 1950ಕ್ಕಿಂತ ಹಳೆಯ ಕಟ್ಟಡಗಳಲ್ಲಿ ಕಿಟಕಿ ತೆರೆದಿಟ್ಟಾಗ ಗಾಳಿ ಗಂಟೆಗೆ ಸುಮಾರು 40 ಸಲ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ 17 ಸಲ. ಯಂತ್ರದ ಗಾಳಿಗೆ ಶಿಫಾರಸು ಮಾಡಿರುವುದು 12. ಕ್ಷಯ ಹರಡುವ ಅಪಾಯ ಹಳೆಯ ಕೋಣೆಗಳಲ್ಲೇ ತೀರ ಕಡಿಮೆ ಎಂದು ಅವರ ಲೆಕ್ಕ. ಆದರೆ ನಮ್ಮದು ಗದ್ದೆ ಸೀಮೆ, ಸೊಳ್ಳೆ ಪರದೆಯಿಲ್ಲದೆ ಕಿಟಕಿ ತೆರೆಯಲಾಗದು. ಪರದೆ ಗಾಳಿಯನ್ನು ತಡೆಯುತ್ತದೆ. ಆದ್ದರಿಂದ ವಾಸ್ತುಶಿಲ್ಪಿಗಳು ಲೆಕ್ಕ ಹಾಕಿದ್ದಕ್ಕಿಂತ ಕಿಟಕಿಗಳು ದೊಡ್ಡದಾಗಿರಲಿ.

ಲೈನ್‌ಮ್ಯಾನ್ ಮಗ, ರಾಯಚೂರು

ಇಪ್ಪತ್ತೆರಡು ವರ್ಷಗಳಿಂದ ವೈರಿಂಗ್ ಗುತ್ತಿಗೆ ಮಾಡುತ್ತಿದ್ದೇನೆ. ಯಾರೂ ಇನ್ನೂ ಶಿಶು ಘಟಕದ ಮಾತು ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಶಿಶು ಘಟಕಕ್ಕೆ ಬೆಂಕಿ ಬಿದ್ದು ಸತ್ತವರನ್ನು ನೆನೆಯಿರಿ. 2021ರ ಜನವರಿ 9, ಮಹಾರಾಷ್ಟ್ರದ ಭಂಡಾರಾ: ಹತ್ತು ಶಿಶುಗಳು. 2024ರ ನವೆಂಬರ್ 15, ಉತ್ತರ ಪ್ರದೇಶದ ಝಾನ್ಸಿ: ಆ ಒಂದೇ ರಾತ್ರಿ ಮತ್ತೆ ಹತ್ತು ಶಿಶುಗಳು. ಸಹಜ ಗಾಳಿಯಲ್ಲಿ ಆಮ್ಲಜನಕ 21 ಪ್ರತಿಶತ. ಮುಚ್ಚಿದ ಕೋಣೆಯಲ್ಲಿ ಸೋರಿ 23 ದಾಟಿದರೆ, ಬೇರೆಡೆ ತಾನಾಗಿ ಆರಿಹೋಗುವ ಕಿಡಿ ಇಲ್ಲಿ ಬಟ್ಟೆಗೆ, ಪ್ಲಾಸ್ಟಿಕ್ಕಿಗೆ ಹತ್ತಿ ಉರಿಯುತ್ತದೆ. ಅಂಥ ಕೋಣೆಯಲ್ಲಿ ನಾವು ಒಂದೇ ಸಾಕೆಟ್‌ಗೆ ಶಿಶುವನ್ನು ಬೆಚ್ಚಗಿಡುವ ವಾರ್ಮರ್, ಮಾನಿಟರ್, ಪಂಪ್ ಎಲ್ಲವನ್ನೂ ಸೇರಿಸಿದ ಎಕ್ಸ್‌ಟೆನ್ಷನ್ ಬೋರ್ಡ್ ನೇತುಹಾಕುತ್ತೇವೆ. ಹತ್ತು ವಾರ್ಮರಿಗೆ ಎಳೆದ ತಂತಿಯ ಮೇಲೆ ಹದಿನೆಂಟು ವಾರ್ಮರ್ ಓಡಿಸುತ್ತೇವೆ. ತಂತಿ ದಿನವೂ ಬಿಸಿಯಾಗಿ, ಹೊದಿಕೆ ಸುಟ್ಟು, ಒಂದು ರಾತ್ರಿ ಶಾರ್ಟ್ ಆಗುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಶಾರ್ಟ್ ಸರ್ಕ್ಯೂಟ್ ಕಾರಣ’ ಎಂದು ಬರುತ್ತದೆ. ಕಾರಣ ಅದಲ್ಲ, ಲೆಕ್ಕ ಮೀರಿದ ಹೊರೆ.

ಆದ್ದರಿಂದ ನನ್ನ ಬೇಡಿಕೆಗಳು. ಪ್ರತಿ ಶಿಶುವಿನ ಜಾಗಕ್ಕೆ ಅದರದೇ ಸರ್ಕ್ಯೂಟ್, ಬೇಕಾದಷ್ಟು ಸಾಕೆಟ್. ಒಳಗೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಪ್ರವೇಶವೇ ಬೇಡ. ಉರಿದರೂ ಹೊಗೆ ಕಡಿಮೆ ಬಿಡುವ ತಂತಿ. ತಂತಿ, ಪೈಪು ಗೋಡೆ ದಾಟುವ ಕಂಡಿಗಳನ್ನು ಬೆಂಕಿ ತಡೆಯುವ ಗಾರೆಯಿಂದ ಮುಚ್ಚಲೇಬೇಕು. ಸಿಸ್ಟರ್ ಹೇಳಿದ ಎರಡು ಗಂಟೆಯ ಗೋಡೆ ಒಂದು ಕೈಯಗಲದ ಕಂಡಿಯಿಂದ ಎರಡು ನಿಮಿಷದ ಗೋಡೆಯಾಗುತ್ತದೆ. ಘಟಕಕ್ಕೆ ನೇರ ಹೊರಗೆ ತೆರೆಯುವ ಎರಡನೆಯ ಬಾಗಿಲು ಇರಲಿ, ಅದಕ್ಕಾಗಿ ನೆಲ ಅಂತಸ್ತಿನಲ್ಲೇ ಇರಲಿ. ಆಮ್ಲಜನಕ ನಿಲ್ಲಿಸುವ ವಾಲ್ವ್ ಬಾಗಿಲಿನ ಹೊರಗೆ, ನರ್ಸ್ ಕೈಗೆ ಸಿಗುವಂತೆ ಇರಲಿ. ಯಾವಾಗ ನಿಲ್ಲಿಸಬೇಕು ಎಂದು ರಾತ್ರಿಪಾಳಿಯವರಿಗೆ ಮೊದಲೇ ಕಲಿಸಿರಬೇಕು, ಅಧಿಕಾರವೂ ಅವರಿಗೇ ಇರಬೇಕು.

ಜೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಹಿಡಿಯುವ ನಡುವಿನ ಕ್ಷಣಗಳಿಗೆ ವೆಂಟಿಲೇಟರ್, ಶಸ್ತ್ರಚಿಕಿತ್ಸೆಯ ದೀಪ, ವಾರ್ಮರುಗಳು ಬ್ಯಾಟರಿಯ ಮೇಲಿರಲಿ. ನಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸೌರ ವಿದ್ಯುತ್ ಬಂದ ಮೇಲೆ ಹೆರಿಗೆ ಕೋಣೆಯ ದೀಪ, ಲಸಿಕೆಯ ಫ್ರಿಜ್‌ಗೆ ಎಷ್ಟು ಆಸರೆಯಾಗಿದೆ ಎಂದು ಹೋಗಿ ನೋಡಿ.

ಜೊತೆಗಿದ್ದವಳು, ಮಾನ್ವಿ

ನಾನು ಎಂಜಿನಿಯರೂ ಅಲ್ಲ, ನರ್ಸೂ ಅಲ್ಲ. ಮೂರು ವರ್ಷಗಳ ಹಿಂದೆ ನನ್ನ ತಂಗಿಯ ಮಗು ಶಿಶು ಘಟಕದಲ್ಲಿದ್ದಾಗ ಹದಿನೇಳು ದಿನ ಒಂದು ಆಸ್ಪತ್ರೆಯ ಓಣಿಯಲ್ಲಿ ಮಲಗಿದವಳು. ನೀವೆಲ್ಲ ಓಣಿ ಖಾಲಿ ಇರಬೇಕು ಎನ್ನುತ್ತೀರಿ. ಖಾಲಿ ಇಲ್ಲದಂತೆ ಮಾಡಿದವರು ನಾವೇ. ಚಾಪೆ, ಬುತ್ತಿ, ಬಕೆಟ್, ಒಮ್ಮೊಮ್ಮೆ ಮಗುವಿನ ಬಟ್ಟೆ ಕುದಿಸಲು ಮೂಲೆಯಲ್ಲಿ ಸಣ್ಣ ಸ್ಟೌ ಸಹ. ಬೇರೆ ಎಲ್ಲಿಗೆ ಹೋಗಬೇಕಿತ್ತು? ಹೊರಗೆ ಮಳೆ, ಒಳಗಿನಿಂದ ಯಾವಾಗ ಹೆಸರು ಕೂಗುತ್ತಾರೋ ಎಂಬ ಭಯ. ಆ ಓಣಿಯಲ್ಲಿ ಬೆಂಕಿ ಬಿದ್ದಿದ್ದರೆ ಎಂದು ಇವತ್ತು ಓದುತ್ತಾ ಯೋಚಿಸಿ ಮೈ ಜುಂ ಎಂದಿತು.

ಯಜಮಾನರೇ, ಛತ್ರದಂತೆ ಕಾಣಬಾರದು ಎಂದಿರಿ. ಒಂದು ಮೂಲೆಯಲ್ಲಿ ನಿಜವಾಗಿಯೂ ಛತ್ರ ಕಟ್ಟಿಸಿ. ಮಲಗಲು ಕಟ್ಟೆ, ಅಡುಗೆಗೆ ಒಲೆ, ಸ್ನಾನದ ಮನೆ, ಒಳಗಿನಿಂದ ಹೆಸರು ಕರೆದರೆ ಕೇಳುವ ಧ್ವನಿವರ್ಧಕ. ಆಗ ಯಾರೂ ಓಣಿಯಲ್ಲಿ ಮಲಗುವುದಿಲ್ಲ.

ನಿವೃತ್ತ ಎಂಜಿನಿಯರ್, ರಾಯಚೂರು

ಈ ತಾಯಿ ಹೇಳಿದ್ದನ್ನು ನಕ್ಷೆಯ ಮೊದಲ ಹಾಳೆಯಲ್ಲೇ ಬರೆದುಕೊಳ್ಳಿ.

ಉಳಿದ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಭೂಕಂಪ: ರಾಯಚೂರು, ಕೊಪ್ಪಳ, ಬಳ್ಳಾರಿ, ಈ ಮೂರೂ ಜಿಲ್ಲೆಗಳನ್ನು 2016ರ ಭೂಕಂಪ ಸಂಹಿತೆ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿ ಇಟ್ಟಿತ್ತು. 1993ರಲ್ಲಿ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿಯೂ ಆಗ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಬಳ್ಳಾರಿ ಸೀಮೆಯೂ 1843ರಲ್ಲಿ ನಡುಗಿದ ದಾಖಲೆ ಇದೆ. 2001ರಲ್ಲಿ ಭುಜ್‌ನ ಜಿಲ್ಲಾ ಆಸ್ಪತ್ರೆಯೇ ಕುಸಿಯಿತು. ಹೊಸದನ್ನು ರಬ್ಬರ್ ಮತ್ತು ಸೀಸದ ದಿಂಬುಗಳ ಮೇಲೆ ಕೂರಿಸಿ ಕಟ್ಟಿದರು. ನಮಗೆ ದಿಂಬು ಬೇಡ. ಆದರೆ ಕಂಬದ ಉದ್ದ ಕಂಬಿಗಳನ್ನು ಸುತ್ತುವ ರಿಂಗುಗಳ ಕೊಕ್ಕೆ 90 ಡಿಗ್ರಿಯಲ್ಲ, 135 ಡಿಗ್ರಿ ಒಳಗೆ ಬಾಗಿರಲಿ. ಕಂಬಿ ಕಟ್ಟುವವರು ಗೊಣಗುತ್ತಾರೆ, ನಿಂತು ಮಾಡಿಸಿ. ಸಿಲಿಂಡರ್, ಬೀರು, ನೀರಿನ ಟ್ಯಾಂಕ್ ಎಲ್ಲವನ್ನೂ ಗೋಡೆಗೆ ಬಿಗಿಯಿರಿ. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯಿತು, ಗಟ್ಟಿಯಾಗಿ ಮತ್ತೆ ಕಟ್ಟಿದರು. 1994ರ ಭೂಕಂಪದಲ್ಲಿ ಕಟ್ಟಡ ನಿಂತಿತು, ನೀರಿನ ಪೈಪುಗಳು ಒಡೆದವು, ರೋಗಿಗಳನ್ನು ಹೊರಗೆ ಸಾಗಿಸಲೇಬೇಕಾಯಿತು.

ಸಿಮೆಂಟ್: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ನಮ್ಮ ಬಾಗಿಲಲ್ಲೇ ಇರುವಾಗ ಅವುಗಳಿಂದ ಮಾಡಿದ ಸಿಮೆಂಟ್, ಇಟ್ಟಿಗೆ ಬಳಸಿ. ಇಂಗಾಲದ ಹೊರೆಯೂ ತಗ್ಗುತ್ತದೆ. ಆದರೆ ಇಂಥ ಸಿಮೆಂಟಿಗೆ ಕ್ಯೂರಿಂಗ್ ಹೆಚ್ಚು ದಿನ ಬೇಕು. ನಮ್ಮ ಬಿಸಿಲಿಗೆ 14 ದಿನ ಒದ್ದೆ ಗೋಣಿ ಹೊದಿಸಿಡಿ.

ನೀರು: ಹಾಸಿಗೆಗೆ ದಿನಕ್ಕೆ 340 ಲೀಟರ್, ಒಟ್ಟು 17,000. ಕಾಲುವೆ ಬೇಸಿಗೆಯಲ್ಲಿ ನಿಲ್ಲುತ್ತದೆ. 1500 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ, ಅದರಲ್ಲಿ ಐದನೆಯ ಒಂದು ಭಾಗ ಪೋಲು ಎಂದರೂ 7.2 ಲಕ್ಷ ಲೀಟರ್, ಅಂದರೆ 42 ದಿನದ ನೀರು. ತೊಟ್ಟಿಯನ್ನು ಕಟ್ಟಡದಿಂದ ದೂರ ಕಟ್ಟಿ, ಸೋರಿದರೆ ಎರೆ ಉಬ್ಬುತ್ತದೆ.

ಕೊನೆಯದಾಗಿ, ನಿರ್ವಹಣೆಗೆ ಮೊದಲ ದಿನವೇ ಬೇರೆ ಹಣ ಎತ್ತಿಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟ್ ಕೊಚ್ಚಿಹೋದದ್ದು ಚೈನ್ ತುಂಡಾಗಿ. ಬೆಂಕಿ ಬಾಗಿಲಿನ ಸ್ಪ್ರಿಂಗ್, ಜನರೇಟರಿನ ಬ್ಯಾಟರಿ ಅಂಥವೇ ವಸ್ತುಗಳು, ನೋಡಿಕೊಳ್ಳದಿದ್ದರೆ ಬೇಕಾದ ಹೊತ್ತಿಗೆ ಕೈಕೊಡುತ್ತವೆ.

ಎರೆಹೊಲ, ಸಿಂಧನೂರು

ಎಲ್ಲವನ್ನೂ ಮುದ್ರಿಸಿ ಟ್ರಸ್ಟಿನ ಸಭೆಯಲ್ಲಿ ಓದಿದೆ. ಮೂರು ಗಂಟೆ ಚರ್ಚೆಯಾಯಿತು. ನೆಲಮಾಳಿಗೆ ಹೋಯಿತು. ಒಂದೇ ಮಹಡಿ, ಇಳಿಜಾರು, ಮಹಡಿಗೆ ಎರಡು ಭಾಗ, ನೆಲದಲ್ಲಿ ಶಿಶು ಘಟಕ ಒಪ್ಪಿಗೆಯಾದವು. ಜನರೇಟರ್ ಹಿಂಬದಿಯಲ್ಲಿ ಎತ್ತರದ ಕಟ್ಟೆಯ ಮೇಲೆ. ಗಾಜಿನ ಬದಲು ಕಲ್ಲಿನ ಪಡಸಾಲೆಗೆ ಹಿರಿಯರೇ ಮೊದಲು ಕೈ ಎತ್ತಿದರು. ಛತ್ರಕ್ಕೆ ಹಣ ಸಾಲದು ಎಂದು ಇಬ್ಬರು ತಕರಾರು ಮಾಡಿದ್ದಾರೆ, ಅದು ಮುಂದಿನ ಸಭೆಗೆ ಹೋಗಿದೆ. ಮಾನ್ವಿಯ ಅಕ್ಕ, ಆ ಸಭೆಗೆ ನೀವು ಬಂದು ನಿಮ್ಮ ಹದಿನೇಳು ದಿನದ ಮಾತು ಹೇಳುತ್ತೀರಾ? ನಾನು ಹೇಳಿದರೆ ಬರೀ ಅಂಕಿಯ ಲೆಕ್ಕವಾಗುತ್ತದೆ, ನೀವು ಹೇಳಿದರೆ ಕೇಳಿಸಿಕೊಳ್ಳುತ್ತಾರೆ.

ಭಾನುವಾರ ಬೆಳಿಗ್ಗೆ ಹೊಲದಲ್ಲಿ ಸುಣ್ಣದ ಪುಡಿಯಿಂದ ಓಣಿ, ಬಾಗಿಲು, ಇಳಿಜಾರನ್ನು ನಿಜದ ಅಳತೆಯಲ್ಲಿ ಗೆರೆ ಎಳೆಯುತ್ತೇವೆ. ಹಳೆಯ ಆಸ್ಪತ್ರೆ ಮಂಚವೊಂದು ಸಿಕ್ಕಿದೆ. ಸಿಸ್ಟರ್, ಬರಲು ಸಾಧ್ಯವೇ?

ರಾತ್ರಿಪಾಳಿ, ಬಳ್ಳಾರಿ

ಪಾಳಿ ಮುಗಿಸಿ ಮೊದಲ ಬಸ್ಸಿಗೆ ಹೋಗಿ ಬಂದೆ. ಮಂಚದ ಮೇಲೆ ಹಿರಿಯರೇ ಮಲಗಿದರು. ಎರೆಯ ಮೇಲೆ ಚಕ್ರ ಉರುಳಲೆಂದು ಹಲಗೆ ಹಾಸಿದ್ದರು. ನಾನು ಮತ್ತು ಒಬ್ಬ ಹುಡುಗಿ, ಇಬ್ಬರೇ ತಳ್ಳಿದೆವು. ಓಣಿಯಲ್ಲಿ ಸಲೀಸು, ಬೆಂಕಿ ಬಾಗಿಲಿನ ಗೆರೆಯಲ್ಲೂ ಸಲೀಸು. ಇಳಿಜಾರಿನ ತಿರುವಿನಲ್ಲಿ ಮಂಚದ ಮೂಲೆ ಗೆರೆ ದಾಟಿತು. ಗೋಡೆ ಇದ್ದಿದ್ದರೆ ಸಿಕ್ಕಿಕೊಳ್ಳುತ್ತಿತ್ತು. ತಿರುವನ್ನು ಎರಡು ಅಡಿ ಹಿಗ್ಗಿಸಿ ಗೆರೆ ಮತ್ತೆ ಎಳೆದೆವು. ಎರಡನೆಯ ಸಲ ತಿರುಗಿತು. ಹೊಸ ಅಳತೆಯನ್ನು ಎರೆಹೊಲ ಅವರು ಅಲ್ಲೇ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಂಡರು.